ಅಜ್ಜನ ಟೋಪಿಯ ಬ್ಯಾಡ್ಜ್ ಏನು ಹೇಳುತ್ತದೆ?

ಪ್ರಶ್ನೆ: ಮೇಡಂ, ನಮ್ಮಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಈಗ ಉಳಿದಿರುವುದು ಅವರ ಒಂದೇ ಒಂದು ಫೋಟೊ. ಟೋಪಿಯ ಬ್ಯಾಡ್ಜ್ ಮಸುಕಾಗಿದೆ, ತುದಿಯಲ್ಲಿ ಕಿರೀಟ ಇದ್ದ ಹಾಗೆ ಕಾಣುತ್ತದೆ. ಹೆಗಲ ಪಟ್ಟಿಯ ಮೇಲೆ ಹಿತ್ತಾಳೆಯ ಅಕ್ಷರಗಳಿವೆ. ಯಾವ ರೆಜಿಮೆಂಟ್ ಅಂತ ತಿಳಿಯೋದು ಹೇಗೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬ್ಯಾಡ್ಜ್ ಆಮೇಲೆ ನೋಡೋಣ, ಮೊದಲು ಹೆಗಲು ನೋಡಿ. ಎಲ್ಲರೂ ಟೋಪಿಯನ್ನೇ ದಿಟ್ಟಿಸುತ್ತಾ ಕೂರುತ್ತಾರೆ, ಆದರೆ ನಿಜವಾದ ಉತ್ತರ ಎಷ್ಟೋ ಸಲ ಹೆಗಲ ಮೇಲಿನ ಆ ಪುಟ್ಟ ಹಿತ್ತಾಳೆ ಅಕ್ಷರಗಳಲ್ಲೇ ಇರುತ್ತದೆ. ಒಂದು ಉದಾಹರಣೆ ಹೇಳ್ತೀನಿ. ಅಲ್ಲಿ 'ಆರ್‌ಐಎಎಸ್‌ಸಿ' ಅಂತ ಇದ್ದರೆ ಅದು ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಲಾರಿ ಓಡಿಸುವುದು, ಹೇಸರಗತ್ತೆ ಮೇಲೆ ಸಾಮಾನು ಹೊರಿಸುವುದು, ರೇಷನ್ ತಲುಪಿಸುವುದು ಎಲ್ಲ ಇವರ ಕೆಲಸ. ಈ ಪಡೆಗೆ 'ರಾಯಲ್' ಅನ್ನೋ ಪದ ಸೇರಿದ್ದು 1935ರಲ್ಲಿ. ನಾವು ಗಣರಾಜ್ಯವಾದ ಮೇಲೆ ಆ ಪದ ಹೋಯಿತು. ಅಂದರೆ ಐದು ಅಕ್ಷರ ಓದಿದರೆ ಪಡೆಯೂ ಗೊತ್ತಾಯ್ತು, ಫೋಟೊದ ಕಾಲವೂ ಸಿಕ್ಕಿತು.

ಈಗ ಕಿರೀಟಕ್ಕೆ ಬನ್ನಿ. 1950ರ ಜನವರಿ 26ರ ನಂತರ ನಮ್ಮ ಸೇನೆಯ ಬ್ಯಾಡ್ಜ್‌ಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಹಾಗಾಗಿ ಕಿರೀಟ ಇದ್ದರೆ ಬ್ಯಾಡ್ಜ್ ಅದಕ್ಕಿಂತ ಹಿಂದಿನದು. ಕಿರೀಟದಲ್ಲೂ ಎರಡು ಬಗೆ. ಮೇಲಿನ ಕಮಾನು ನಡುವೆ ತಗ್ಗಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, ಗುಮ್ಮಟದ ಹಾಗೆ ದುಂಡಗೆ ಉಬ್ಬಿದ್ದರೆ 1901ರ ನಂತರದ್ದು. ನಿಮ್ಮಜ್ಜನ ಟೋಪಿಯಲ್ಲಿ ದುಂಡಗಿನದ್ದೇ ಇರಬೇಕು.

ಕಿರೀಟದ ಕೆಳಗೆ ಏನಿದೆ ಅನ್ನೋದು ಮೂರನೇ ಮಾತು. ಆನೆ ಕಂಡರೆ ಮದ್ರಾಸ್ ರೆಜಿಮೆಂಟ್ ನೆನಪಿಸಿಕೊಳ್ಳಿ. 1803ರ ಅಸಾಯೆ ಯುದ್ಧದಲ್ಲಿ ಹೋರಾಡಿದ ಪಡೆಗಳಿಗೆ ಸಿಕ್ಕ ಗೌರವದ ಗುರುತು ಅದು. ಒಂಟಿ ಕಾಲಲ್ಲಿ ನಿಂತ, ರೆಕ್ಕೆ ಇರುವ ಮನುಷ್ಯನಾದರೆ ಸಿಗ್ನಲ್ಸ್, ಅಂದರೆ ಸೇನೆಯಲ್ಲಿ ಸಂದೇಶ ತಲುಪಿಸುವ ಪಡೆ. ತುತ್ತೂರಿ ಮಾತ್ರ ಮೋಸ ಮಾಡುತ್ತದೆ. ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಗೂ ಅದೇ ಗುರುತು, ರಜಪುತಾನಾ ರೈಫಲ್ಸ್‌ಗೂ ಅದೇ. ತುತ್ತೂರಿ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಇನ್ನು ಎತ್ತರದ, ಅಂಚಿಲ್ಲದ ವಿಚಿತ್ರ ಟೋಪಿ ಇದ್ದರೆ ಬ್ಯಾಡ್ಜ್ ಕಾಣದಿದ್ದರೂ ಚಿಂತೆ ಇಲ್ಲ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ (ಸೇನೆಯ ಎಂಜಿನಿಯರ್ ಪಡೆ) ಅಂತ ಅಲ್ಲೇ ಗುರುತು ಸಿಗುತ್ತದೆ.

ಒಂದು ಮಾತು, ಕೈಮುಗಿದು ಕೇಳ್ಕೊಳ್ತೀನಿ. ಸ್ಪಷ್ಟವಾಗಲಿ ಅಂತ ಫೋಟೊ ಒರೆಸಬೇಡಿ. ನಮ್ಮ ಮನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ್ದಕ್ಕೆ ದೊಡ್ಡಪ್ಪನ ಎಡಗೆನ್ನೆ, ಕಾಲರ್ ಎಲ್ಲ ಬಟ್ಟೆಗೆ ಅಂಟಿಕೊಂಡು ಬಂತು. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗಾಜಿಗೆ ಅಂಟಿದ್ದರೆ ಕೀಳಬೇಡಿ, ಹಾಗೇ ಇರಲಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಇನ್ನೊಂದು ಮೊಬೈಲಿನಲ್ಲಿ ಟೋಪಿಯನ್ನಷ್ಟೇ ಹತ್ತಿರದಿಂದ ತೆಗೆಯಿರಿ. ಬೇರೆ ಬೇರೆ ಕೋನದಲ್ಲಿ ನಾಲ್ಕೈದು ತೆಗೆದರೆ ಯಾವುದಾದರೂ ಒಂದರಲ್ಲಿ ಗೆರೆ ಎದ್ದು ಕಾಣುತ್ತದೆ.

ಪ್ರಶ್ನೆ: ಮುತ್ತಾತನ ಪೇಟದಲ್ಲಿ ಗಂಡಭೇರುಂಡ ಇದೆ. ಅವರು ಹೈಫಾ ಯುದ್ಧದಲ್ಲಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಇದು ಸಾಕ್ಷಿ ಆಗುತ್ತದಾ?
– ಓದುಗರು, ಮೈಸೂರು

ಉತ್ತರ: ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದರು ಅನ್ನೋದಕ್ಕೆ ಸಾಕ್ಷಿ, ಹೈಫಾಗೆ ಅಲ್ಲ. ಗಂಡಭೇರುಂಡ ಸಂಸ್ಥಾನದ ಲಾಂಛನ, ಸೈನಿಕರಿಗೆ ಮಾತ್ರ ಮೀಸಲಾದ ಗುರುತಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಹಿಡಿದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್‌, ಅಂದರೆ ಕುದುರೆ ಸವಾರರು. ಹಾಗಾಗಿ ಫೋಟೊದಲ್ಲಿ ಸವಾರನ ಲಕ್ಷಣ ಇದೆಯಾ ನೋಡಿ: ಬೂಟಿನ ಹಿಂದೆ ಕುದುರೆ ತಿವಿಯುವ ಮುಳ್ಳು, ಎದೆಗೆ ಅಡ್ಡಲಾಗಿ ಗುಂಡಿನ ಪಟ್ಟಿ, ಕೈಯಲ್ಲಿ ಭರ್ಜಿ.

ಅದಕ್ಕಿಂತ ಗಟ್ಟಿ ಸಾಕ್ಷಿ ಪೆಟ್ಟಿಗೆಯಲ್ಲಿ ಸಿಗಬಹುದು. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ಪಡೆ ಕೊರೆದಿರುತ್ತಿದ್ದರು. ಅಜ್ಜಿಯ ಟ್ರಂಕಿನಲ್ಲಿ ಅಂಥದ್ದು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕೋಕೆ ಮಾತ್ರ ಹೋಗಬೇಡಿ. ಹೊಳಪು ಬರುತ್ತದೆ ನಿಜ, ಆದರೆ ತಿಕ್ಕಿ ತಿಕ್ಕಿ ಆ ಸಣ್ಣ ಅಕ್ಷರಗಳು ಸವೆದು ಹೋದರೆ ಹೆಸರೇ ಹೋದ ಹಾಗೆ ಅಲ್ವಾ?

ಪ್ರಶ್ನೆ: ನಮ್ಮ ತಾತನ ಪದಕದ ರಿಬ್ಬನ್ ಬಲ ಎದೆಯ ಮೇಲಿದೆ. ಎಡಕ್ಕೆ ಹಾಕಬೇಕಲ್ವಾ?
– ಓದುಗರು, ಹಾಸನ

ಉತ್ತರ: ಹೌದು, ತಮಗೇ ಸಿಕ್ಕ ಪದಕವನ್ನು ಎಡಕ್ಕೇ ಹಾಕುವುದು. ಅಂಗಿಯ ಗುಂಡಿ ನೋಡಿ. ಗಂಡಸರ ಅಂಗಿಯಲ್ಲಿ ಗುಂಡಿ ಹೊಲಿಯುವುದು ಅವರ ಬಲಗಡೆಯ ಅಂಚಿಗೆ. ಅದೂ ಎಡಕ್ಕೆ ಹೋಗಿದ್ದರೆ ಸ್ಟುಡಿಯೋದವರು ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದಾರೆ ಅಂತ ಅರ್ಥ. ಮೊಬೈಲಿನಲ್ಲಿ ಫೋಟೊ ತೆಗೆದು ಎಡಬಲ ತಿರುಗಿಸಿ, ಹೆಗಲ ಅಕ್ಷರಗಳೂ ನೆಟ್ಟಗೆ ಓದೋಕೆ ಬರುತ್ತವೆ.