ಹಿಮದ ಮೇಲಿನ ಡೇರೆಯಲ್ಲಿ ರಾತ್ರಿ ಬೆಚ್ಚಗೆ ಮಲಗುವುದು ಹೇಗೆ?

ಜನವರಿಯಲ್ಲಿ ದಾವಣಗೆರೆಯಿಂದ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೊರಟಿರುವ ನೀವು, ಮೈನಸ್ 10 ಡಿಗ್ರಿಯ ಚಳಿಗೆ ಇನ್ನೂ ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬ್ಯಾಗಿಗೆ ಹಣ ಹಾಕುವ ಮೊದಲು ಅದರ ಕೆಳಗೆ ಹಾಸುವ ಮ್ಯಾಟ್ ಎಂಥದ್ದೆಂದು ನೋಡಿಕೊಳ್ಳಿ ಎಂಬುದು ನನ್ನ ಉತ್ತರ.

ಬ್ಯಾಗ್ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ; ನಮ್ಮ ಮೈಯ ಶಾಖವನ್ನು ತನ್ನೊಳಗಿನ ತುಪ್ಪುಳಿನ ಸಂದುಗಳ ಗಾಳಿಯಲ್ಲಿ ಹಿಡಿದಿಡುತ್ತದೆ. ಮಲಗಿದಾಗ ಬೆನ್ನಡಿಯ ತುಪ್ಪುಳು ಮೈಭಾರಕ್ಕೆ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುವುದರಿಂದ, ಎಷ್ಟೇ ಬೆಲೆಬಾಳುವ ಬ್ಯಾಗಾದರೂ ಹಿಮದ ನೆಲ ಕೆಳಗಿನಿಂದ ಶಾಖ ಹೀರುವುದನ್ನು ತಡೆಯಲಾರದು. ಆದ್ದರಿಂದ ಕೆಳಗೊಂದು ಫೋಮ್ ಮ್ಯಾಟ್, ಅದರ ಮೇಲೆ ಗಾಳಿ ತುಂಬುವ ಮ್ಯಾಟ್ ಹಾಸಿ. ಮ್ಯಾಟ್ ಶಾಖ ಸೋರದಂತೆ ಎಷ್ಟು ತಡೆಯುತ್ತದೆ ಎಂದು ಹೇಳುವ ಸಂಖ್ಯೆಯೇ ಆರ್-ವ್ಯಾಲ್ಯೂ; ಎರಡರದ್ದೂ ಕೂಡಿ 5ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಬ್ಯಾಗಿಗೆ ಅಂಟಿಸಿದ ಲೇಬಲ್‌ನಲ್ಲಿ ಬರೆದ ಉಷ್ಣಾಂಶಗಳಲ್ಲಿ ‘ಕಂಫರ್ಟ್’ ಎಂಬ ಸಂಖ್ಯೆಯನ್ನಷ್ಟೇ ನಂಬಿ. ‘ಎಕ್ಸ್‌ಟ್ರೀಮ್’ ಎಂಬುದು ಜೀವ ಉಳಿಯುವ ಮಟ್ಟವನ್ನು ಹೇಳುತ್ತದೆಯೇ ಹೊರತು ನಿದ್ರೆ ಬರುವ ಮಟ್ಟವನ್ನಲ್ಲ.

ಹತ್ತಿ ಗಿರಣಿಗಳಿಂದ ಹೆಸರಾದ ನಮ್ಮ ಊರಿನಲ್ಲಿ ಹತ್ತಿ ಬಟ್ಟೆಯೇ ಮೈಗೆ ಹಿತವೆಂಬ ನಂಬಿಕೆಯಿದೆ, ನಮ್ಮ ಬಿಸಿಲಿಗೆ ಅದು ನಿಜವೂ ಹೌದು. ಆದರೆ ಹಿಮದಲ್ಲಿ ಹತ್ತಿಯ ಬನಿಯನ್ ಹಗಲಿನ ಬೆವರನ್ನು ಹೀರಿಕೊಂಡು, ಬೇಗ ಒಣಗದೆ, ರಾತ್ರಿಯಿಡೀ ಮೈಯನ್ನು ತಣ್ಣಗಾಗಿಸುತ್ತದೆ. ತುಸು ತೇವವಾದರೂ ಬೆಚ್ಚಗಿಡುವ ಗುಣ ಉಣ್ಣೆಗಿದೆ. ಚಳ್ಳಕೆರೆಯ ಕಂಬಳಿ ಹೊದ್ದು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ, ಆದರೆ ಕಂಬಳಿ ಬೆನ್ನಿಗೆ ಭಾರ. ಮೆರಿನೊ ಎಂಬ ತಳಿಯ ಕುರಿಯ ಉಣ್ಣೆಯಿಂದ ಮಾಡಿದ, ಮೈಗಂಟುವ ತೆಳು ಒಳ ಅಂಗಿ ಸಾಕು. ಮಲಗುವಾಗ ಮಾತ್ರ ತೊಡುವ ಒಂದು ಜೊತೆ ಒಣ ಬಟ್ಟೆ, ಕಾಲುಚೀಲಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

ಮಲಗುವ ಮುನ್ನ ತುಪ್ಪ ಅಥವಾ ಶೇಂಗಾ ಬೆರೆತ ಆಹಾರ ತಿಂದು, ಮೂತ್ರ ವಿಸರ್ಜಿಸಿ, ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದಲ್ಲಿ ಸುತ್ತಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಮುಖವನ್ನು ಬ್ಯಾಗಿನೊಳಗೆ ಹುದುಗಿಸಬೇಡಿ, ಉಸಿರಿನ ತೇವ ತುಪ್ಪುಳನ್ನು ನೆನೆಸುತ್ತದೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಶಾಖ ಸೋರುವಂತೆ ಮಾಡುವುದರಿಂದ ಅದು ಬೇಡವೇ ಬೇಡ. ಡೇರೆಯೊಳಗೆ ಸ್ಟವ್ ಅಥವಾ ಕೆಂಡ ಇಡುವುದನ್ನು ಯಾರೇ ಸಲಹೆ ಮಾಡಿದರೂ ದಯವಿಟ್ಟು ಒಪ್ಪಬೇಡಿ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲೇ ಪ್ರಾಣ ತೆಗೆಯುತ್ತದೆ.

ನಿಮ್ಮಲ್ಲಿ ಯಾರಿಗಾದರೂ ನಡುಕ ನಿಲ್ಲದೆ ಮಾತು ತೊದಲತೊಡಗಿದರೆ ಬೆಳಗಾಗಲೆಂದು ಕಾಯದೆ ಮಾರ್ಗದರ್ಶಕರನ್ನು ಎಬ್ಬಿಸಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸಿ, ಎಚ್ಚರವಾಗಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನೀಯ ಕೊಡಿ.