ಡಿಪ್ರೆಶನ್‌ಗೆ ಎಫ್‌ಎಂಆರ್‌ಐ ನ್ಯೂರೋಫೀಡ್‌ಬ್ಯಾಕ್ ಕೆಲಸ ಮಾಡುತ್ತದೆಯೇ? ಮಾತ್ರೆ ಬಿಟ್ಟು ಇದಕ್ಕೆ ಹೋಗಬಹುದೇ?

ಮೊದಲು ಮಾತ್ರೆಯ ವಿಷಯ: ದಯವಿಟ್ಟು ನೀವಾಗಿಯೇ ಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು ಬರಬಹುದು, ನಿದ್ದೆ ಕೆಡಬಹುದು, ಕಾಯಿಲೆಯೂ ಮರಳಬಹುದು.

ಎಫ್‌ಎಂಆರ್‌ಐ ನ್ಯೂರೋಫೀಡ್‌ಬ್ಯಾಕ್ ಅಂದರೆ ಮೆದುಳಿನ ಚಟುವಟಿಕೆಯನ್ನು ಸ್ಕ್ಯಾನರ್‌ನಲ್ಲಿ ಅಳೆದು, ಆಗಿಂದಾಗಲೇ ರೋಗಿಗೆ ತೋರಿಸಿ, ಅದನ್ನು ತಾನೇ ಬದಲಿಸಲು ಕಲಿಸುವ ವಿಧಾನ. ಇದರ ವಿಷಯದಲ್ಲಿ ನೀವು ಓದಿದ್ದು ಬಹುಶಃ ಅಮೆರಿಕದ ಟಲ್ಸಾದಲ್ಲಿ ಕಿಂಬರ್ಲಿ ಯಂಗ್ ಮತ್ತು ಜೊತೆಗಾರರು ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ. ನನಗೆ ತುಂಬಾ ಭರವಸೆ ಕೊಟ್ಟ ಕೆಲಸ ಅದು. ರೋಗಿ ಸ್ಕ್ಯಾನರ್ ಒಳಗೆ ಮಲಗಿ, ತನ್ನ ಬದುಕಿನ ಖುಷಿಯ ಘಟನೆಗಳನ್ನು ನೆನೆಯಬೇಕು. ಎದುರಿಗೆ ಪರದೆಯಲ್ಲಿ ಒಂದು ಕೆಂಪು ಪಟ್ಟಿ. ಭಾವನೆಗಳಲ್ಲಿ ದೊಡ್ಡ ಪಾತ್ರವಿರುವ ಅಮಿಗ್ಡಲ ಎಂಬ ಮೆದುಳಿನ ಭಾಗ, ಅದರಲ್ಲೂ ಎಡಗಡೆಯದು, ಚುರುಕಾದರೆ ಪಟ್ಟಿ ಮೇಲೇರುತ್ತದೆ. ಡಿಪ್ರೆಶನ್ ಇದ್ದಾಗ ಒಳ್ಳೆಯ ನೆನಪುಗಳು ಮಸುಕಾಗುತ್ತವೆ. 'ಅಜ್ಜಿ ಮನೇಲಿ ಚೆನ್ನಾಗಿತ್ತು' ಅನ್ನುವಷ್ಟೇ ಬರುತ್ತದೆ. ಯಾವ ದಿನ, ಯಾರಿದ್ದರು, ಏನು ಮಾತಾಡಿದೆವು ಅನ್ನುವುದು ಬರುವುದಿಲ್ಲ. ಈ ತರಬೇತಿ ಆದವರಲ್ಲಿ ಅಂಥ ಸ್ಪಷ್ಟ ನೆನಪುಗಳು ಜಾಸ್ತಿಯಾದವು. ಎರಡೇ ಸೆಷನ್‌ಗಳಲ್ಲಿ 19 ಜನರ ಪೈಕಿ 12 ಮಂದಿಯ ಲಕ್ಷಣಗಳು ಅರ್ಧಕ್ಕಿಂತ ಜಾಸ್ತಿ ಇಳಿದವು. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಮನಸ್ಥಿತಿಗೆ ಸಂಬಂಧವಿಲ್ಲದ ಮೆದುಳಿನ ಭಾಗದ ಪಟ್ಟಿ ತೋರಿಸಿದ್ದರು. ಅಲ್ಲಿ 17 ಜನರಲ್ಲಿ ಇಬ್ಬರಿಗೆ ಮಾತ್ರ ಹೀಗಾಯಿತು. ಇವರು ಯಾರೂ ಆಗ ಡಿಪ್ರೆಶನ್ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ನಿಜ. ಆದರೆ ಅದು ಅಧ್ಯಯನದ ನಿಯಮ, ನಿಮಗೆ ಸಲಹೆಯಲ್ಲ.

ಬ್ರಿಟನ್ನಿನ ಕಾರ್ಡಿಫ್‌ನಿಂದ 2018ರಲ್ಲಿ ಬಂದ ಇನ್ನೊಂದು ಅಧ್ಯಯನವನ್ನೂ ನೋಡಬೇಕು. ಅಲ್ಲಿ 32 ಜನ. ಒಂದು ಗುಂಪು ಭಾವನೆಯ ಭಾಗಗಳನ್ನು ಪಳಗಿಸಿತು, ಇನ್ನೊಂದು ಗುಂಪು ಜಾಗ, ದೃಶ್ಯಗಳನ್ನು ಗುರುತಿಸುವ ಭಾಗವನ್ನು. ಎರಡೂ ಗುಂಪು ಸುಧಾರಿಸಿದವು, ಹೆಚ್ಚುಕಡಿಮೆ ಒಂದೇ ಸಮ! ಹಾಗಾದರೆ ವಾಸಿ ಮಾಡಿದ್ದು ಯಾವುದು? ಮೆದುಳಿನ ಆ ಜಾಗವೋ, 'ನನ್ನ ಮನಸ್ಸು ನನ್ನ ಮಾತು ಕೇಳುತ್ತೆ' ಅನ್ನುವ ಅನುಭವವೋ? ನನಗೆ ಎರಡನೆಯದರ ಪಾಲು ದೊಡ್ಡದು ಅನಿಸುತ್ತದೆ. ಏನೂ ಕೈಲಾಗದು ಅನ್ನುವ ಭಾವನೆಯೇ ಈ ಕಾಯಿಲೆಯಲ್ಲಿ ಜಾಸ್ತಿ ಕಾಡುವುದು, ಅಲ್ವಾ?

ಇನ್ನೊಂದು ಮಾತು. ತಲೆಗೆ ತಂತಿ ಅಂಟಿಸಿ ಮಾಡುವ ಇಇಜಿ ನ್ಯೂರೋಫೀಡ್‌ಬ್ಯಾಕ್ ಬೇರೆ, ಇದು ಬೇರೆ. ಅಮಿಗ್ಡಲ ಇರುವುದು ತುಂಬಾ ಒಳಗೆ. ನೆತ್ತಿಯ ಮೇಲಿನ ತಂತಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಯಾರಾದರೂ ಈ ಅಧ್ಯಯನಗಳ ಹೆಸರು ಹೇಳಿ ಇಇಜಿ ಪ್ಯಾಕೇಜ್ ಮಾರಿದರೆ ಸುಮ್ನೆ ದುಡ್ಡು ಕೊಡಬೇಡಿ.

ಮಾತ್ರೆಯಿಂದ ಸಾಕಷ್ಟು ಗುಣ ಕಾಣದಿದ್ದರೆ ನಿಮ್ಮ ಡಾಕ್ಟರ್ ಹತ್ತಿರ ಡೋಸ್ ಬಗ್ಗೆ, ಕೌನ್ಸೆಲಿಂಗ್ ಬಗ್ಗೆ, ಆರ್‌ಟಿಎಂಎಸ್ (ತಲೆಯ ಹೊರಗಿನಿಂದ ಕಾಂತದ ಮಿಡಿತ ಕೊಟ್ಟು ಮೆದುಳನ್ನು ಚುರುಕುಗೊಳಿಸುವ ಚಿಕಿತ್ಸೆ) ಬಗ್ಗೆ ಕೇಳಿ. ನಡುರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.