ಒಂದೇ ಟಗ್ ಎಲ್ಲಾ ಉಪಗ್ರಹಗಳಿಗೂ ಸಾಲದೇ?

ಪ್ರಶ್ನೆ: ಬಾಹ್ಯಾಕಾಶದಲ್ಲಿ ಉಪಗ್ರಹಗಳನ್ನು ಎಳೆದೊಯ್ಯುವ ಟಗ್‌ಗಳನ್ನು ಮತ್ತೆ ಮತ್ತೆ ಬಳಸಬಹುದಂತೆ. ಹಾಗಾದರೆ ಒಂದನ್ನು ಮೇಲೆ ಬಿಟ್ಟು ಎಲ್ಲಾ ಕಡೆಗೂ ಅದನ್ನೇ ಕಳಿಸಬಹುದಲ್ವಾ? ಅದನ್ನು ಸೇರಬೇಕಾದ ರಾಕೆಟ್ಟನ್ನು ಯಾವಾಗ ಬೇಕಾದರೂ ಹಾರಿಸಬಹುದಾ?
- ಪಿಯು ವಿದ್ಯಾರ್ಥಿ, ಹಾಸನ

ಉತ್ತರ: ಕಳಿಸಬಹುದು, ಆದರೆ ಆ ಉಪಗ್ರಹಗಳೆಲ್ಲ ಒಂದೇ ದಾರಿಯಲ್ಲಿರಬೇಕು. ಇಲ್ಲಿ ನಿಜವಾದ ತಲೆನೋವು ಎತ್ತರ ಅಲ್ಲ, ಕಕ್ಷೆಯ ಓರೆ. ಭೂಮಿಗೆ ಹತ್ತಿರದ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿ.ಮೀ. ಓಡುತ್ತಿರುತ್ತದೆ. ಅದರ ಕಕ್ಷೆಯನ್ನು 60 ಡಿಗ್ರಿ ವಾಲಿಸಲು ಮತ್ತೆ ಅಷ್ಟೇ ವೇಗ ಖರ್ಚು ಮಾಡಬೇಕು. ಅಷ್ಟು ಇಂಧನ ಹೊತ್ತು ತಿರುಗುವ ಟಗ್ಗಿಗಿಂತ ಹೊಸ ರಾಕೆಟ್ಟೇ ವಾಸಿ.

ಅದಕ್ಕೇ ಈ ಕೆಲಸ ಸುಮಾರು 36,000 ಕಿ.ಮೀ. ಮೇಲಿನ ಭೂಸ್ಥಿರ ಕಕ್ಷೆಯಲ್ಲಿ ಚೆನ್ನಾಗಿ ಕೈಗೂಡಿತು. ಅಲ್ಲಿನ ಟಿವಿ ಉಪಗ್ರಹಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಸಮಭಾಜಕದ ನೆತ್ತಿಯ ಮೇಲಿವೆ. ನಾರ್ತ್‌ರಾಪ್ ಗ್ರಮನ್ ಕಂಪನಿಯ ಎಂಇವಿ-1 ಎಂಬ ಟಗ್, 2020ರ ಫೆಬ್ರವರಿ 25ರಂದು ಇಂಟೆಲ್‌ಸ್ಯಾಟ್ 901ಕ್ಕೆ ಹೋಗಿ ಅಂಟಿಕೊಂಡಿತು. 2001ರಲ್ಲಿ ಹಾರಿದ ಆ ಉಪಗ್ರಹಕ್ಕೆ ಹಿಡಿಯಲು ಹಿಡಿಕೆಯೂ ಇಲ್ಲ, ಕೊಕ್ಕೆಯೂ ಇಲ್ಲ. ಎಂಇವಿ ಏನು ಮಾಡಿತು ಗೊತ್ತಾ? ಅದರ ಎಂಜಿನ್ನಿನಿಂದ ಬಿಸಿ ಅನಿಲ ಹೊರಬರುವ ನಾಜಲ್‌ನೊಳಗೆ ಉದ್ದನೆಯ ಕೋಲು ತೂರಿಸಿ, ಒಳಗಿಂದ ಬಿಗಿಹಿಡಿಯಿತು! ಸುಮಾರು 5 ವರ್ಷ ಕೆಲಸಕ್ಕಿಟ್ಟು, ಹಳೇ ಉಪಗ್ರಹಗಳ 'ಸ್ಮಶಾನ ಕಕ್ಷೆ'ಯಲ್ಲಿ ಅದನ್ನು ಬಿಟ್ಟು, ತಾನು ಹೊರಟಿತು. ಮರುಬಳಕೆ ಅಂದರೆ ಇಷ್ಟೇ. ಮೇಲೆ ಪೆಟ್ರೋಲ್ ಬಂಕ್ ಇಲ್ಲ, ತನ್ನ ಇಂಧನ ಮುಗಿಯುವ ತನಕ ಓಡಾಟ.

ಇನ್ನು ಹಾರಿಸುವ ಹೊತ್ತು. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ. ಮೇಲಿರುವುದನ್ನು ಸೇರಬೇಕಾದರೆ, ಅದರ ಕಕ್ಷೆಯ ಅಡಿಗೆ ಉಡಾವಣಾ ಕಟ್ಟೆ ಬಂದ ಗಳಿಗೆಗೇ ಹೊರಡಬೇಕು. ತಪ್ಪಿದರೆ ಸಾಮಾನ್ಯವಾಗಿ ನಾಳೆಯೇ.

ಹತ್ತಿರ ಹೋದ ಮೇಲೆ ಆತುರ ಸಲ್ಲದು. ಎರಡು ಉಪಗ್ರಹಗಳನ್ನು ಮೇಲೆಯೇ ಜೋಡಿಸುವ ಇಸ್ರೋದ ಪ್ರಯೋಗ ಸ್ಪೇಡೆಕ್ಸ್ ನೋಡಿ. ತಲಾ ಸುಮಾರು 220 ಕೆ.ಜಿ.ಯ ಜೋಡಿ ಉಪಗ್ರಹಗಳು 2024ರ ಡಿಸೆಂಬರ್ 30ರಂದು ಒಟ್ಟಿಗೇ ಮೇಲೇರಿದವು. ಬೆಂಗಳೂರಿನಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ ನಿಯಂತ್ರಣ. ಜನವರಿ 12ಕ್ಕೆ 3 ಮೀಟರ್ ಹತ್ತಿರ ತಂದು, ಬೇಡ ಅಂತ ಹಿಂದಕ್ಕೆ ಸರಿಸಿದರು. ಸುಮ್ನೆ ಅಳುಕಿದ್ದಲ್ಲ, ಅಳತೆಗಳನ್ನು ಕೂತು ನೋಡಬೇಕಿತ್ತು. 16ಕ್ಕೆ ಸೇರಿಸಿದಾಗ ವೇಗ ಸೆಕೆಂಡಿಗೆ 1 ಸೆಂ.ಮೀ., ಇರುವೆ ನಡಿಗೆ! ಮಾರ್ಚ್ 13ಕ್ಕೆ ಬಿಡಿಸಿ, ಏಪ್ರಿಲ್ 20ಕ್ಕೆ ಮತ್ತೆ ಜೋಡಿಸಿದರು.